ಹಾಸಿಗೆಯ ಕೆಳಗಿನ ಬ್ಯಾಟರಿ: ವ್ಯಾನನ್ನೇ ಮನೆ ಮಾಡಿಕೊಂಡವರಿಗೆ ಒಂದು ಬಹಿರಂಗ ಪತ್ರ

ವ್ಯಾನಿನೊಳಗೆ ಮನೆ ಕಟ್ಟಿಕೊಂಡು ಊರೂರು ಸುತ್ತುವ ಗೆಳೆಯ ಗೆಳತಿಯರೇ,

ಹಾಸನದ ಬಿ.ಎಂ. ರಸ್ತೆಯಲ್ಲಿ ಬಹಳ ವರ್ಷಗಳಿಂದ ವಾಹನಗಳ ಎಲೆಕ್ಟ್ರಿಕಲ್ ಕೆಲಸ ಮಾಡಿಕೊಂಡಿರುವವನು ನಾನು. ಲಾರಿ, ಬಸ್ಸು, ಟ್ರ್ಯಾಕ್ಟರುಗಳ ಸೆಲ್ಫು, ಡೈನಮೋ ನೋಡಿಕೊಂಡಿದ್ದ ಅಂಗಡಿಗೆ ಈಚೆಗೆ ನಿಮ್ಮ ವ್ಯಾನುಗಳೂ ಬರತೊಡಗಿವೆ. ಸಕಲೇಶಪುರಕ್ಕೋ ಚಿಕ್ಕಮಗಳೂರಿಗೋ ಹೊರಟವರು ಫ್ರಿಜ್ ನಿಂತುಹೋಯಿತೆಂದೋ ಇನ್ವರ್ಟರ್ ಸುಮ್ಮನೆ ಕೂಗುತ್ತಿದೆಯೆಂದೋ ಬಂದು ನಿಲ್ಲಿಸುತ್ತೀರಿ. ಬಾಗಿಲು ತೆಗೆದರೆ ಒಳಗೆ ನೀಟಾದ ಪ್ಲೈವುಡ್ ಕೆಲಸ, ಮಡಚುವ ಹಾಸಿಗೆ, ಪುಟ್ಟ ಅಡುಗೆಕಟ್ಟೆ, ಕಿಟಕಿಗೆ ಪರದೆ. ನೋಡಿದರೆ ಖುಷಿಯಾಗುತ್ತದೆ. ಆಮೇಲೆ ಹಾಸಿಗೆ ಎತ್ತಿ ಬ್ಯಾಟರಿ ತೋರಿಸುತ್ತೀರಿ. ಅಲ್ಲಿ ಕಾಣುವುದು ಬೇರೆಯೇ ಲೋಕ: ಎಲ್ಲ ವೈರೂ ಒಂದೇ ಕೆಂಪು ಬಣ್ಣದ್ದು, ಟರ್ಮಿನಲ್ ಮೇಲೆ ಒಂದರ ಮೇಲೊಂದು ಸುತ್ತಿದ ತುದಿಗಳು, ಮೇಲೆ ಇನ್ಸುಲೇಷನ್ ಟೇಪು, ಫ್ಯೂಸು ಎಲ್ಲಿಯೂ ಇಲ್ಲ. ಅದರ ಮೇಲೆಯೇ ಹಾಸಿಗೆ ಹಾಸಿ ಮಕ್ಕಳನ್ನು ಮಲಗಿಸುತ್ತೀರಿ. ಈ ಪತ್ರ ಬರೆಯಲು ಅದೇ ಕಾರಣ.

ವ್ಯಾನಿನ ಕೆಲಸದಲ್ಲಿ ವೈರಿಂಗಿನ ಸರದಿ ಬರುವುದು ಕೊನೆಯಲ್ಲಿ. ಮರದ ಕೆಲಸ, ಪೇಂಟು, ಸೀಟಿನ ಬಟ್ಟೆ ಎಲ್ಲ ಮುಗಿದು ಕೈಯಲ್ಲಿ ದುಡ್ಡು ಕರಗಿ, ಹೊರಡುವ ದಿನ ಹತ್ತಿರವಾದಾಗ ‘ಬರೀ ಹನ್ನೆರಡು ವೋಲ್ಟ್ ತಾನೆ’ ಎಂದು ಯಾರನ್ನೋ ಕರೆಸಿ ಒಂದು ಸಂಜೆಯಲ್ಲಿ ಮುಗಿಸುತ್ತೀರಿ. ಈ ‘ಬರೀ ಹನ್ನೆರಡು ವೋಲ್ಟ್’ ಎನ್ನುವ ಮಾತೇ ನನಗೆ ಭಯ ಹುಟ್ಟಿಸುವುದು. ಟರ್ಮಿನಲ್ ಮೇಲೆ ಒಣಗಿದ ಬೆರಳಿಟ್ಟರೆ ಏನೂ ಆಗುವುದಿಲ್ಲ, ನಿಜ. ಶಾಕ್ ಹೊಡೆಯದ ಕರೆಂಟಿಗೆ ಯಾರೂ ಹೆದರುವುದಿಲ್ಲ, ಹೆದರದಿದ್ದ ಮೇಲೆ ಜಾಗ್ರತೆಯೂ ಹುಟ್ಟುವುದಿಲ್ಲ. ಆದರೆ ಬೆಂಕಿ ಹಚ್ಚುವುದು ಆಂಪಿಯರ್. ವೋಲ್ಟೇಜು ಕಡಿಮೆಯಾದಷ್ಟೂ ಅದೇ ಕೆಲಸಕ್ಕೆ ಆಂಪಿಯರ್ ಹೆಚ್ಚಬೇಕು.

ಲೆಕ್ಕ ನೋಡಿ. 1800 ವ್ಯಾಟಿನ ಇಂಡಕ್ಷನ್ ಒಲೆ ಮನೆಯ 230 ವೋಲ್ಟಿನಲ್ಲಿ ಎಳೆಯುವುದು 8 ಆಂಪಿಯರ್‌ಗಿಂತ ಸ್ವಲ್ಪ ಕಡಿಮೆ. ಅದೇ ಒಲೆಯನ್ನು ವ್ಯಾನಿನಲ್ಲಿ ಇನ್ವರ್ಟರ್ ಮೂಲಕ ಹಚ್ಚಿದರೆ, ಇನ್ವರ್ಟರಿನಲ್ಲಿ ಆಗುವ ನಷ್ಟವನ್ನೂ ಸೇರಿಸಿ, ಬ್ಯಾಟರಿಯಿಂದ ಹೊರಡುವುದು ಸುಮಾರು 160 ಆಂಪಿಯರ್. ಇಪ್ಪತ್ತು ಪಟ್ಟು. ವೈರಿನಲ್ಲಿ ಹುಟ್ಟುವ ಶಾಖ ಕರೆಂಟಿನ ವರ್ಗದಷ್ಟು ಏರುತ್ತದೆ. ಹಾಗಾಗಿ ಅದೇ ವೈರಿನಲ್ಲಿ ಶಾಖ 400 ಪಟ್ಟಾಗುತ್ತದೆ. ಚಟ್ನಿ ರುಬ್ಬುವ 750 ವ್ಯಾಟಿನ ಮಿಕ್ಸಿ ಪೂರ್ತಿ ಲೋಡಿನಲ್ಲಿ 65 ಆಂಪಿಯರ್ ಆಸುಪಾಸು ಕೇಳುತ್ತದೆ. ಮನೆಯ ವೈರಿಂಗಿನಲ್ಲಿ ಪಳಗಿದ ಒಳ್ಳೆಯ ಎಲೆಕ್ಟ್ರಿಷಿಯನ್‌ಗಳೂ ವ್ಯಾನಿನಲ್ಲಿ ಎಡವುವುದು ಇಲ್ಲೇ. ಮನೆಯಲ್ಲಿ ಗೀಸರಿಗೆ 4 ಸ್ಕ್ವೇರ್ (ಚದರ ಮಿಲಿಮೀಟರ್) ವೈರು ಹಾಕಿ ಅಭ್ಯಾಸವಾದ ಕೈಗೆ ಇನ್ವರ್ಟರಿಗೆ 70 ಸ್ಕ್ವೇರ್ ಕೇಬಲ್ ಬೇಕು ಅಂದರೆ ನಂಬಿಕೆ ಬರುವುದಿಲ್ಲ. 2000 ವ್ಯಾಟಿನ ಇನ್ವರ್ಟರಿಗೆ ಅಷ್ಟು ಬೇಕು, ಉದ್ದವೂ ಒಂದು ಮೀಟರ್ ದಾಟಬಾರದು. ದೊಡ್ಡ ಲೋಡು ಖಚಿತವಾಗಿದ್ದರೆ ಬ್ಯಾಟರಿಯನ್ನು ಮೊದಲೇ 24 ವೋಲ್ಟಿಗೆ ಜೋಡಿಸಿಕೊಳ್ಳಿ, ಆಂಪಿಯರ್ ಅರ್ಧಕ್ಕೆ ಇಳಿಯುತ್ತದೆ. ಇನ್ನೂ ಒಳ್ಳೆಯದೆಂದರೆ ಒಲೆಗೆ ಬೇರೆ ದಾರಿ ಹುಡುಕಿ, ಬ್ಯಾಟರಿಯನ್ನು ದೀಪ, ಫ್ಯಾನು, ಫ್ರಿಜ್ಜು, ಫೋನುಗಳಿಗೆ ಉಳಿಸಿಕೊಳ್ಳುವುದು.

ಈಗ ಫ್ಯೂಸಿನ ಮಾತು. ಈ ಪತ್ರದಲ್ಲಿ ಒಂದನ್ನೇ ನೆನಪಿಡುತ್ತೀರಾದರೆ ಇದನ್ನು ಇಟ್ಟುಕೊಳ್ಳಿ. ಫ್ಯೂಸು ಇರುವುದು ಫ್ರಿಜ್ಜನ್ನೋ ಟಿವಿಯನ್ನೋ ಕಾಪಾಡಲಿಕ್ಕೆ ಅಂತ ತುಂಬ ಜನ ತಿಳಿದಿದ್ದಾರೆ. ಅದು ಕಾಪಾಡುವುದು ವೈರನ್ನು. ಬ್ಯಾಟರಿಯ ಪ್ಲಸ್ಸಿನಿಂದ ಹೊರಟ ವೈರು ಫ್ಯೂಸನ್ನು ಮುಟ್ಟುವವರೆಗಿನ ಭಾಗಕ್ಕೆ ಯಾವ ಕಾವಲೂ ಇರುವುದಿಲ್ಲ. ಆ ಭಾಗ ಎಲ್ಲಾದರೂ ಗಾಡಿಯ ಲೋಹದ ಬಾಡಿಗೆ ತಗುಲಿದರೆ ಬ್ಯಾಟರಿ ತನ್ನಲ್ಲಿರುವುದನ್ನೆಲ್ಲ ಅಲ್ಲಿ ಸುರಿಯುತ್ತದೆ. ಹಾಗಾಗಿ ಮುಖ್ಯ ಫ್ಯೂಸು ಬ್ಯಾಟರಿಯಿಂದ ಒಂದು ಗೇಣಿನೊಳಗೆ ಇರಬೇಕು. ವ್ಯಾನಿನ ಇನ್ನೊಂದು ತುದಿಯಲ್ಲಿ, ಸ್ವಿಚ್‌ಬೋರ್ಡಿನ ಪಕ್ಕ ಚೆಂದದ ಫ್ಯೂಸ್ ಬಾಕ್ಸ್ ಕೂರಿಸಿ, ಅಲ್ಲಿಯವರೆಗಿನ ನಾಲ್ಕು ಮೀಟರ್ ಬೋಳು ಬಿಟ್ಟವರನ್ನು ನೋಡಿದ್ದೇನೆ. ಎರಡು ಬ್ಯಾಟರಿ ಪ್ಯಾರಲಲ್ ಇದ್ದರೆ ಎರಡಕ್ಕೂ ಬೇರೆ ಬೇರೆ ಫ್ಯೂಸು ಬೇಕು. ಇಂಜಿನ್ ಬ್ಯಾಟರಿಯಿಂದ ಹಿಂದಿನ ಬ್ಯಾಟರಿಗೆ ಎಳೆದ ಚಾರ್ಜಿಂಗ್ ಕೇಬಲ್ಲಿಗೆ ಎರಡೂ ತುದಿಯಲ್ಲಿ ಫ್ಯೂಸು ಬೇಕು, ಏಕೆಂದರೆ ಎರಡೂ ತುದಿಯಲ್ಲಿ ಬ್ಯಾಟರಿ ಇದೆ.

ಎಷ್ಟು ಆಂಪಿಯರಿನ ಫ್ಯೂಸು ಎಂಬುದನ್ನು ವೈರಿನ ದಪ್ಪ ನೋಡಿ ನಿರ್ಧರಿಸಬೇಕು. ‘ಪದೇ ಪದೇ ಹೋಗ್ತಿತ್ತು, ದೊಡ್ಡದು ಹಾಕಿಸಿದ್ವಿ’ ಎನ್ನುವವರು ಆ ಹೊತ್ತಿನಿಂದ ವೈರನ್ನೇ ಫ್ಯೂಸು ಮಾಡಿಕೊಂಡಿರುತ್ತಾರೆ. ಇನ್ನೊಂದು ವಿಷಯ ಅಂಗಡಿಯವರು ಸಾಮಾನ್ಯವಾಗಿ ಹೇಳುವುದಿಲ್ಲ. ಫ್ಯೂಸಿಗೆ ಅದರ ಆಂಪಿಯರ್ ಜೊತೆಗೆ, ಎಷ್ಟು ದೊಡ್ಡ ಶಾರ್ಟನ್ನು ಕಡಿದು ನಿಲ್ಲಿಸಬಲ್ಲದು ಎಂಬ ಇನ್ನೊಂದು ಅಂಕಿಯೂ ಇರುತ್ತದೆ. ಲಿಥಿಯಂ ಬ್ಯಾಟರಿಯ ಒಳಗಿನ ತಡೆ ತೀರಾ ಕಡಿಮೆ. ಶಾರ್ಟಾದರೆ ಸಾವಿರಾರು ಆಂಪಿಯರ್ ನುಗ್ಗುತ್ತದೆ. ಕಾರಿನಲ್ಲಿ ಬಳಸುವ ಮೆಗಾ ಫ್ಯೂಸಿನ ಸಾಮರ್ಥ್ಯ ಸಾಮಾನ್ಯವಾಗಿ 2000 ಆಂಪಿಯರ್ ಹತ್ತಿರ ಮುಗಿಯುತ್ತದೆ. ಅದಕ್ಕಿಂತ ಹೆಚ್ಚು ಬಂದರೆ ಒಳಗಿನ ಪಟ್ಟಿ ಕರಗಿದರೂ ಕಿಡಿ ಆ ಸಂದಿನಲ್ಲೇ ಉರಿಯುತ್ತ ನಿಲ್ಲಬಹುದು. ಲಿಥಿಯಂ ಹಾಕುವವರು ಮುಖ್ಯ ಫ್ಯೂಸಾಗಿ 20,000 ಆಂಪಿಯರ್ ಕಡಿಯಬಲ್ಲ ಕ್ಲಾಸ್ ಟಿ ಫ್ಯೂಸನ್ನೇ ತನ್ನಿ. ದುಬಾರಿಯೇ ಹೌದು. ನೀವು ಕಿಟಕಿ ಪರದೆಗೆ ಕೊಟ್ಟಿದ್ದನ್ನೂ ನೋಡಿದ್ದೇನೆ, ಅದಕ್ಕಿಂತ ದುಬಾರಿಯಲ್ಲ.

ಈಚೆಗೆ ಬಂದ ಒಂದು ವ್ಯಾನಿನ ಇನ್ವರ್ಟರ್ ಕೇಬಲ್ ಬಿಚ್ಚಿದ್ದನ್ನು ಹೇಳುತ್ತೇನೆ. ದೂರು ಇಷ್ಟೇ: ಕೆಟಲ್ ಇಟ್ಟರೆ ಇನ್ವರ್ಟರ್ ಲೋ ಬ್ಯಾಟರಿ ಅಂತ ಆಫ್ ಆಗುತ್ತದೆ, ಬ್ಯಾಟರಿ ಮಾತ್ರ ಫುಲ್ ತೋರಿಸುತ್ತದೆ. ಬ್ಯಾಟರಿ ಚೆನ್ನಾಗಿತ್ತು. ಕೇಬಲ್ಲೂ ದಪ್ಪನೆಯದೇ. ಆದರೆ ಕೇಬಲ್ಲಿನ ತುದಿಗೆ ತೊಡಿಸುವ ತಾಮ್ರದ ಲಗ್ಗನ್ನು ಒತ್ತಲು ಹೈಡ್ರಾಲಿಕ್ ಕ್ರಿಂಪರ್ ಇರಲಿಲ್ಲವೆಂದು ಸುತ್ತಿಗೆಯಲ್ಲಿ ತಟ್ಟಿ ಕೂರಿಸಿದ್ದರು. ಹಿಡಿದು ತಿರುಗಿಸಿದರೆ ಕೇಬಲ್ ಲಗ್ಗಿನೊಳಗೆ ಅಲ್ಲಾಡುತ್ತಿತ್ತು. ಎಳೆಗಳ ತುದಿ ಕಪ್ಪಾಗಿತ್ತು, ಹತ್ತಿರದ ಇನ್ಸುಲೇಷನ್ ಗಟ್ಟಿಯಾಗಿ ಉಗುರು ಒತ್ತಿದರೆ ಪುಡಿಯಾಗುತ್ತಿತ್ತು, ಕೆಳಗಿನ ಪ್ಲೈವುಡ್ಡಿನಲ್ಲಿ ಅಂಗೈಯಗಲ ಕಂದು ಕಲೆ ಮೂಡಿತ್ತು. ಅಂಥ ಜಾಯಿಂಟಿನಲ್ಲಿ ಬರೀ 1 ಮಿಲಿಓಮ್ ತಡೆಯಿದ್ದರೂ 160 ಆಂಪಿಯರ್ ಹರಿದಾಗ 25 ವ್ಯಾಟ್ ಶಾಖ ಅಲ್ಲೇ ಏಳುತ್ತದೆ. ನಮ್ಮ ಅಂಗಡಿಯ ಸೋಲ್ಡರಿಂಗ್ ಐರನ್ನೂ 25 ವ್ಯಾಟಿನದೇ. ಅದನ್ನು ಪ್ಲಗ್ಗಿಗೆ ಹಾಕಿ ಹಾಸಿಗೆಯ ಕೆಳಗಿಟ್ಟು ಮಲಗಿದ ಹಾಗೆ ಆ ಮನೆಯವರು ಪ್ರಯಾಣ ಮಾಡಿದ್ದರು.

ಅಲ್ಲಿ ಫ್ಯೂಸಿತ್ತು. ಫ್ಯೂಸು ಹೋಗಿರಲಿಲ್ಲ, ಹೋಗುವುದೂ ಇಲ್ಲ; ಹರಿಯುವ ಕರೆಂಟು ಹೆಚ್ಚಿಲ್ಲದಿದ್ದಾಗ ಅದಕ್ಕೆ ಏನೂ ಗೊತ್ತಾಗುವುದಿಲ್ಲ. ಸಡಿಲ ಜಾಯಿಂಟಿಗೆ ಕೈಕೆಲಸ ಒಂದೇ ಮದ್ದು. ಹೈಡ್ರಾಲಿಕ್ ಕ್ರಿಂಪರ್ ಇಲ್ಲದವರ ಹತ್ತಿರ ದಪ್ಪ ಕೇಬಲ್ ಕೆಲಸ ಮಾಡಿಸಬೇಡಿ. ಒತ್ತಿದ ಮೇಲೆ ಎರಡೂ ಕೈಯಲ್ಲಿ ಹಿಡಿದು ಜಗ್ಗಿ ನೋಡಿ. ಲಗ್ಗಿನೊಳಕ್ಕೆ ಸೀಸ ತುಂಬಿಸಿದರೆ ಇನ್ನೂ ಗಟ್ಟಿ ಅಂತ ಹೇಳುವವರಿದ್ದಾರೆ. ಓಡುವ ಗಾಡಿಯ ಅದುರಾಟಕ್ಕೆ, ಸೀಸ ಏರಿ ಸೆಟೆದ ಕಡೆಯೇ ತಾಮ್ರದ ಎಳೆಗಳು ಮುರಿಯುತ್ತವೆ. ಕೇಬಲ್ ಕೊಳ್ಳುವಾಗ ತುದಿಯನ್ನು ಬ್ಲೇಡಿನಲ್ಲಿ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡು ಹಗುರವಿದ್ದರೆ ಅದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ. ಕಾರ್ ಸ್ಟೀರಿಯೋ ಕಿಟ್‌ಗಳಲ್ಲಿ ಅದು ಬಹಳ ಬರುತ್ತದೆ, ನಿಮಗೆ ಬೇಡ. ಸಣ್ಣ ಎಳೆಗಳ ಶುದ್ಧ ತಾಮ್ರದ ಕೇಬಲ್ ಬೆಂಗಳೂರಿನ ಎಸ್.ಪಿ. ರಸ್ತೆ, ಜೆ.ಸಿ. ರಸ್ತೆಯಲ್ಲಿ ಕೇಳಿದರೆ ಸಿಗುತ್ತದೆ. ತಗಡಿನ ತೂತಿನಿಂದ ವೈರು ದಾಟಿಸುವ ಕಡೆಯೆಲ್ಲ ರಬ್ಬರ್ ಗ್ರಾಮೆಟ್ ಹಾಕಿಸಿ. ಶಿರಾಡಿ ಘಾಟಿಯ ಗುಂಡಿಗಳಲ್ಲಿ ಒಂದು ಮಳೆಗಾಲ ಓಡಿದರೆ ತಗಡಿನ ಅಂಚು ವೈರಿನ ಮೈಯನ್ನು ಗರಗಸದಂತೆ ಕೊಯ್ದಿರುತ್ತದೆ. ಕೇಬಲ್ಲಿಗೆ ಸುಕ್ಕುಗೊಳವೆ ತೊಡಿಸಿ ಅಡಿಗೊಂದು ಕಡೆ ಬಿಗಿಯಿರಿ. ಶೆಡ್ಡಿನಲ್ಲಿ ತಿಂಗಳುಗಟ್ಟಲೆ ನಿಲ್ಲುವ ಗಾಡಿಯಾದರೆ ಇಲಿಯ ಕಾಟವೂ ಇದೆ, ಹೊರಡುವ ಮುಂಚೆ ಟಾರ್ಚ್ ಹಿಡಿದು ಪೂರ್ತಿ ನೋಡಿ.

ಮನೆಗೆ ತಂದು ಮಿಕ್ಕಿದ್ದ ಎಂಸಿಬಿಯನ್ನು ಬ್ಯಾಟರಿ ಲೈನಿಗೆ ಹಾಕುವ ರೂಢಿಯೊಂದಿದೆ. ದಯವಿಟ್ಟು ಹಾಕಬೇಡಿ. ಮನೆಯ ಎಸಿ ಕರೆಂಟು ಸೆಕೆಂಡಿಗೆ 100 ಸಲ ಸೊನ್ನೆಗೆ ಬಂದುಹೋಗುತ್ತದೆ, ಸ್ವಿಚ್ ತೆಗೆದಾಗ ಏಳುವ ಕಿಡಿ ಆ ಸೊನ್ನೆಯಲ್ಲಿ ತಾನೇ ಆರುತ್ತದೆ. ಬ್ಯಾಟರಿಯದು, ಸೋಲಾರ್ ಪ್ಯಾನೆಲ್ಲಿನದು ಡಿಸಿ ಕರೆಂಟು. ಅದಕ್ಕೆ ಸೊನ್ನೆಯೇ ಇಲ್ಲ. ಕಿಡಿ ಒಮ್ಮೆ ಹಚ್ಚಿಕೊಂಡರೆ ಎಳೆದಷ್ಟೂ ಉದ್ದವಾಗುತ್ತದೆ, ವೋಲ್ಟೇಜು ಹೆಚ್ಚಿದಷ್ಟೂ ಹಟ ಹಿಡಿಯುತ್ತದೆ. ಪ್ಯಾನೆಲ್ಲುಗಳನ್ನು ಸೀರೀಸ್‌ನಲ್ಲಿ ಜೋಡಿಸಿದವರಿಗೆ ಇದು ಇನ್ನಷ್ಟು ಗಂಭೀರ. ಸ್ವಿಚ್ಚು, ಬ್ರೇಕರ್ ಎಲ್ಲದರ ಮೇಲೂ ಡಿಸಿ ಎಂದು, ಎಷ್ಟು ವೋಲ್ಟ್ ಎಂದು ಬರೆದಿರಬೇಕು. ಕೆಲವು ಡಿಸಿ ಬ್ರೇಕರ್‌ಗಳಿಗೆ ಪ್ಲಸ್ ಮೈನಸ್ ಗುರುತು ಇರುತ್ತದೆ. ಉಲ್ಟಾ ಹಾಕಿದರೆ ಕಡಿಯುವಾಗ ಅವೇ ಹೊತ್ತಿಕೊಳ್ಳಬಹುದು.

ಇನ್ನು ಬ್ಯಾಟರಿ. ನಮ್ಮ ಕಡೆ ಮೊದಲ ಆಯ್ಕೆ ಮನೆಯ ಯುಪಿಎಸ್‌ನ 150 ಎಎಚ್ ಟ್ಯೂಬುಲರ್ ಬ್ಯಾಟರಿ. ಮನೆಯಲ್ಲಿ ಹೇಗೂ ಇತ್ತು, ವ್ಯಾನಿಗೆ ಏರಿಸಿದೆವು ಎನ್ನುತ್ತೀರಿ. ಒಂದು ಕಡೆ ನಿಂತು ಕೆಲಸ ಮಾಡಲು ಮಾಡಿದ ಬ್ಯಾಟರಿ ಅದು. ಐವತ್ತು ಕೆಜಿಗೂ ಮೀರಿದ ತೂಕ, ಎತ್ತರದ ಮೈ, ಮೇಲೆ ನೀರಿನ ಫ್ಲೋಟು. ತಿರುವಿನಲ್ಲಿ ವಾಲಿದರೆ ಆ್ಯಸಿಡ್ ತುಳುಕುತ್ತದೆ. ಅದಕ್ಕಿಂತ ಮುಖ್ಯವಾದದ್ದು, ಚಾರ್ಜ್ ಆಗುವಾಗ ಅದರಿಂದ ಹೈಡ್ರೋಜನ್ ಹೊರಡುತ್ತದೆ. ಗಾಳಿಯಲ್ಲಿ ಶೇ. 4ರಷ್ಟು ಸೇರಿದರೆ ಸಾಕು, ಒಂದು ಸ್ವಿಚ್ಚಿನ ಕಿಡಿಗೆ ಸಿಡಿಯುತ್ತದೆ. ಎಲ್ಲ ಬಾಗಿಲು ಹಾಕಿ ಮಲಗುವ ಜಾಗದಲ್ಲಿ ಅದಕ್ಕೆ ಸ್ಥಳವಿಲ್ಲ. ಅದೇ ಬೇಕೆನ್ನುವವರು ಮುಚ್ಚಿದ ಪೆಟ್ಟಿಗೆಯಲ್ಲಿಟ್ಟು, ಪೆಟ್ಟಿಗೆಯ ಮೇಲ್ಭಾಗದಿಂದ ಹೊರಕ್ಕೆ ಕೊಳವೆ ಕೊಡಬೇಕು, ಬೆಲ್ಟಿನಿಂದ ನೆಲದ ಚೌಕಟ್ಟಿಗೆ ಬಿಗಿಯಬೇಕು. ಡಿಸ್ಟಿಲ್ಡ್ ವಾಟರ್ ಬಿಟ್ಟು ಬೇರೆ ನೀರು ಹಾಕಬಾರದು. ಮನೆಯ ಆರ್‌ಒ ನೀರೂ ಬೇಡ.

ಸೀಸದ ಬ್ಯಾಟರಿ, ಅದು ಯಾವ ತರಹದ್ದೇ ಇರಲಿ, ಹಸಿದು ಕೂರುವುದನ್ನು ತಾಳುವುದಿಲ್ಲ. ಲೋಡು ತೆಗೆದು ಕೆಲವು ಗಂಟೆ ಬಿಟ್ಟು ಮೀಟರ್ ಇಟ್ಟರೆ 12.7 ವೋಲ್ಟ್ ಇದ್ದರೆ ತುಂಬಿದೆ, 12.2 ಅಂದರೆ ಅರ್ಧ, 11.8ಕ್ಕೆ ಖಾಲಿ. ಅರ್ಧಕ್ಕಿಂತ ಕೆಳಗಿಳಿಸಬೇಡಿ. ಇಳಿದಿದ್ದನ್ನು ಹಾಗೇ ವಾರಗಟ್ಟಲೆ ಬಿಟ್ಟರೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತು, ಆಮೇಲೆ ಎಷ್ಟು ಚಾರ್ಜ್ ಕೊಟ್ಟರೂ ಹಳೆಯ ಶಕ್ತಿ ಬರುವುದಿಲ್ಲ. ದಸರಾ ರಜೆಗೆ ಹೋಗಿಬಂದು ಗಾಡಿ ನಿಲ್ಲಿಸಿ, ಮತ್ತೆ ಬೇಸಿಗೆ ರಜೆಗೆ ತೆಗೆಯುವವರ ಬ್ಯಾಟರಿಗಳೆಲ್ಲ ಸಾಯುವುದು ಈ ನಡುವಿನ ಉಪವಾಸದಲ್ಲಿ. ನಿಲ್ಲಿಸುವ ಮುನ್ನ ಪೂರ್ತಿ ತುಂಬಿಸಿ, ತಿಂಗಳಿಗೊಮ್ಮೆ ಚಾರ್ಜ್ ಕೊಡಿ. ಕಲಬುರಗಿ, ರಾಯಚೂರು ಕಡೆಯವರು ಬಿಸಿಲನ್ನೂ ಲೆಕ್ಕಕ್ಕೆ ಹಿಡಿಯಬೇಕು. ಸುಮಾರು 10 ಡಿಗ್ರಿ ಶಾಖ ಏರಿದಂತೆ ಸೀಸದ ಬ್ಯಾಟರಿಯ ಆಯುಸ್ಸು ಅರ್ಧವಾಗುತ್ತ ಹೋಗುತ್ತದೆ.

ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಬಂದಮೇಲೆ ನಿಮ್ಮ ಬದುಕು ಸುಲಭವಾಗಿದೆ, ಒಪ್ಪುತ್ತೇನೆ. ತೂಕ ಕಡಿಮೆ, ಅನಿಲ ಬಿಡುವುದಿಲ್ಲ, ಎಂಬತ್ತು ಭಾಗ ಬಳಸಿದರೂ ದಣಿಯುವುದಿಲ್ಲ. ಮೊಬೈಲು, ಹಲವು ಎಲೆಕ್ಟ್ರಿಕ್ ಸ್ಕೂಟರುಗಳಲ್ಲಿ ಇರುವ ಬೇರೆ ಜಾತಿಯ ಲಿಥಿಯಂಗಿಂತ ಇದು ಶಾಖವನ್ನು ಬಹಳ ತಾಳಿಕೊಳ್ಳುತ್ತದೆ. ಆದರೆ ಇದರ ಚಾರ್ಜ್ ಎಷ್ಟಿದೆಯೆಂದು ವೋಲ್ಟ್‌ಮೀಟರ್ ಹೇಳಲಾರದು. ಮುಕ್ಕಾಲು ತುಂಬಿದ್ದಕ್ಕೂ ಕಾಲು ಉಳಿದಿದ್ದಕ್ಕೂ ನಡುವೆ ಸುಮಾರು ಕಾಲು ವೋಲ್ಟಿನ ವ್ಯತ್ಯಾಸವಷ್ಟೇ ಇರುತ್ತದೆ. ಹೋದ ಬಂದ ಕರೆಂಟನ್ನೆಲ್ಲ ಎಣಿಸುವ ಶಂಟ್ ಮೀಟರನ್ನು ಮೈನಸ್ ಲೈನಿಗೆ ಹಾಕಿಸಿಕೊಳ್ಳಿ. ತಿಂಗಳುಗಟ್ಟಲೆ ನಿಲ್ಲಿಸುವಾಗ ಸೀಸಕ್ಕೆ ಹೇಳಿದ್ದಕ್ಕೆ ತದ್ವಿರುದ್ಧ: ಇದನ್ನು ಪೂರ್ತಿ ತುಂಬಿಸಿಡಬಾರದು, ಅರ್ಧದಷ್ಟಿಟ್ಟು ಐಸೊಲೇಟರ್ (ಬ್ಯಾಟರಿಯನ್ನು ಬೇರ್ಪಡಿಸುವ ಮುಖ್ಯ ಸ್ವಿಚ್ಚು) ಆಫ್ ಮಾಡಿ ಬಿಡಿ.

ಬೇಸಿಗೆಯಲ್ಲಿ ಲಡಾಖಿಗೋ ಸ್ಪಿತಿಗೋ ಹೊರಡುವವರು ಹೆಚ್ಚುತ್ತಿದ್ದೀರಿ. ನಿಮಗೊಂದು ಮಾತು. ಸೊನ್ನೆ ಡಿಗ್ರಿಗಿಂತ ತಣ್ಣಗಿರುವ ಲಿಥಿಯಂ ಬ್ಯಾಟರಿಯಿಂದ ಕರೆಂಟು ತೆಗೆಯಬಹುದು, ಒಳಗೆ ತುಂಬಬಾರದು. ತುಂಬಿದರೆ ಲಿಥಿಯಂ ಪ್ಲೇಟಿನೊಳಗೆ ಇಳಿಯದೆ ಅದರ ಮೇಲೆ ಲೋಹವಾಗಿ ಕೂರುತ್ತದೆ. ಆ ಹಾನಿಯನ್ನು ಮತ್ತೆ ಸರಿಪಡಿಸಲಾಗುವುದಿಲ್ಲ, ಮುಂದೆ ಒಳಗೇ ಶಾರ್ಟ್ ಆಗುವ ಅಪಾಯವೂ ಇದೆ. ರಾತ್ರಿಯಿಡೀ ಹಿಮಗಾಳಿಯಲ್ಲಿ ನಿಂತ ಗಾಡಿಯ ಸೋಲಾರ್, ಬೆಳಗಿನ ಮೊದಲ ಬಿಸಿಲಿಗೇ ಚಾರ್ಜ್ ಮಾಡಲು ಶುರುಮಾಡುತ್ತದೆ. ಒಳ್ಳೆಯ ಬ್ಯಾಟರಿಯ ಬಿಎಂಎಸ್, ಅಂದರೆ ಒಳಗಿನ ಕಾವಲು ಸರ್ಕ್ಯೂಟು, ಚಳಿ ನೋಡಿ ತಾನೇ ತಡೆಯುತ್ತದೆ. ಅಗ್ಗದವಕ್ಕೆ ಆ ಬುದ್ಧಿ ಇರುವುದಿಲ್ಲ. ಕೊಳ್ಳುವಾಗಲೇ ಕೇಳಿ, ಬರಹದಲ್ಲಿ ಕೇಳಿ.

ಅಗ್ಗದ ಮಾತು ಬಂತು. ಹಳೆಯ ಇ-ರಿಕ್ಷಾ, ಸ್ಕೂಟರುಗಳಿಂದ ಕಿತ್ತ ಸೆಲ್ಲುಗಳನ್ನು ಜೋಡಿಸಿ ಮಾರುವ ಪ್ಯಾಕುಗಳು ಈಗ ಬರುತ್ತಿವೆ. ಸೆಲ್ಲುಗಳ ವಯಸ್ಸು ಬೇರೆ ಬೇರೆ, ಜಾತಿ ಯಾವುದೋ ಗೊತ್ತಿಲ್ಲ, ನೀಲಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿರುತ್ತಾರೆ. ಶೆಡ್ಡಿನಲ್ಲಿ ಪ್ರಯೋಗ ಮಾಡುವವರು ಮಾಡಿಕೊಳ್ಳಲಿ. ಮಲಗುವ ಕೋಣೆಯೊಳಗೆ ಅದನ್ನು ತರಬೇಡಿ. ಇದರಲ್ಲಿ ನಾನು ಚೌಕಾಸಿಗೆ ಒಪ್ಪುವವನಲ್ಲ. ಅಂಥ ಪ್ಯಾಕ್ ಹಾಕಿಕೊಡಿ ಎಂದು ಬಂದವರನ್ನು ವಾಪಸು ಕಳಿಸುತ್ತೇನೆ.

ಓಡುವಾಗ ಇಂಜಿನ್ನಿನಿಂದ ಚಾರ್ಜ್ ಮಾಡಿಕೊಳ್ಳಲು ಹಿಂದೆ ಒಂದು ರಿಲೇ ಹಾಕಿ ಎರಡು ಬ್ಯಾಟರಿ ಸೇರಿಸುತ್ತಿದ್ದೆವು. ಲಿಥಿಯಮ್ಮಿಗೆ ಅದು ಆಗದು. ಖಾಲಿಯಾದ ಲಿಥಿಯಂ ಸಿಕ್ಕಷ್ಟನ್ನೂ ಎಳೆಯುತ್ತದೆ. ನಿಂತಲ್ಲೇ ಇಂಜಿನ್ ಓಡಿಸುವಾಗ ಆಲ್ಟರ್ನೇಟರಿನ ಫ್ಯಾನು ನಿಧಾನಕ್ಕೆ ತಿರುಗುತ್ತಿರುತ್ತದೆ, ಗಾಳಿ ಸಾಲದೆ ವೈಂಡಿಂಗ್ ಸುಡುತ್ತದೆ. ತುಂಬಿದ ಕೂಡಲೇ ಬಿಎಂಎಸ್ ಫಟ್ಟನೆ ಕಡಿದುಕೊಂಡರೆ ವೋಲ್ಟೇಜು ಮೇಲಕ್ಕೆ ಹಾರಿ ಡಯೋಡುಗಳು ಹೋಗುತ್ತವೆ. ಬಿಎಸ್-6 ಗಾಡಿಗಳಲ್ಲಿ ಹಲವಕ್ಕೆ ಆಲ್ಟರ್ನೇಟರ್ ವೋಲ್ಟೇಜನ್ನು ಕಂಪ್ಯೂಟರೇ ಏರಿಸಿ ಇಳಿಸುತ್ತದೆ, ಅಲ್ಲಿ ರಿಲೇಯಿಂದ ಸರಿಯಾಗಿ ಚಾರ್ಜೇ ಆಗುವುದಿಲ್ಲ. 30 ಆಂಪಿಯರಿನ ಡಿಸಿ-ಡಿಸಿ ಚಾರ್ಜರ್ ನಡುವೆ ಕೂತರೆ ಈ ಮೂರೂ ತೊಂದರೆಗಳು ತಪ್ಪುತ್ತವೆ.

ಇಲ್ಲಿಯವರೆಗೆ ಹೇಳಿದ್ದು ಬೆಂಕಿಯ ವಿಷಯ. ಜೀವಕ್ಕೆ ನೇರವಾಗಿ ಕೈ ಹಾಕುವ ಇನ್ನೊಂದಿದೆ: ಹೊರಗಿನಿಂದ ತೆಗೆದುಕೊಳ್ಳುವ 230 ವೋಲ್ಟ್. ಮಲೆನಾಡಿನ ಹೋಮ್‌ಸ್ಟೇಯೊಂದರ ಅಂಗಳ, ಜುಲೈ ತಿಂಗಳ ಮಳೆ ಎಂದಿಟ್ಟುಕೊಳ್ಳಿ. ಮಾಲೀಕರು ಒಳ್ಳೆಯ ಮನಸ್ಸಿನವರು, ಜಗಲಿಯ ಪ್ಲಗ್ಗಿನಿಂದ ಕರೆಂಟು ತಗೊಳ್ಳಿ ಅನ್ನುತ್ತಾರೆ. ನೀವು ಎಕ್ಸ್‌ಟೆನ್ಷನ್ ಎಳೆಯುತ್ತೀರಿ. ಆ ಪ್ಲಗ್ಗಿನ ಮೇಲಿನ ತೂತಿಗೆ ಅರ್ತ್ ವೈರು ಬಂದಿದೆಯೋ ಇಲ್ಲವೋ ನಿಮಗೆ ಗೊತ್ತಿಲ್ಲ. ಹಳೆಯ ಮನೆಗಳಲ್ಲಿ ಅನೇಕ ಕಡೆ ಬಂದಿರುವುದಿಲ್ಲ. ಬಂದಿದ್ದರೂ ಅರ್ತ್ ಸರಿಯಾಗಿ ಕೆಲಸ ಮಾಡದಿರಬಹುದು. ವ್ಯಾನಿನೊಳಗೆ ಯಾವುದೋ ಚಾರ್ಜರಿನಲ್ಲಿ ಲೀಕೇಜ್ ಇದೆ ಅನ್ನಿ. ಗಾಡಿ ನಿಂತಿರುವುದು ರಬ್ಬರ್ ಟೈರಿನ ಮೇಲೆ. ಲೀಕಾದ ಕರೆಂಟಿಗೆ ನೆಲಕ್ಕೆ ಇಳಿಯಲು ದಾರಿಯಿಲ್ಲ, ಇಡೀ ಬಾಡಿಗೆ 230 ವೋಲ್ಟ್ ಏರಿ ಕಾಯುತ್ತಿರುತ್ತದೆ. ಒಳಗಿದ್ದವರಿಗೆ ಏನೂ ತಿಳಿಯುವುದಿಲ್ಲ. ಬರಿಗಾಲಲ್ಲಿ ಹಸಿ ಮಣ್ಣಿನ ಮೇಲೆ ನಿಂತು ಬಾಗಿಲ ಹಿಡಿಗೆ ಕೈ ಹಾಕುವ ಮಗು ಆ ಕರೆಂಟಿಗೆ ದಾರಿಯಾಗುತ್ತದೆ.

ಇದನ್ನು ತಡೆಯಲು 30 ಮಿಲಿಆಂಪಿಯರಿನ ಆರ್‌ಸಿಸಿಬಿ ಬೇಕು. ಹೋದ ಕರೆಂಟು ಹಾಗೇ ಹಿಂದಿರುಗಿತೇ ಎಂದು ಅದು ಸದಾ ತಾಳೆ ನೋಡುತ್ತಿರುತ್ತದೆ, ವ್ಯತ್ಯಾಸ ಕಂಡೊಡನೆ ಕಡಿಯುತ್ತದೆ. ಎಂಸಿಬಿಗೆ ಈ ಕೆಲಸ ಬರುವುದಿಲ್ಲ. ಕರೆಂಟು ಗಾಡಿಯೊಳಗೆ ಕಾಲಿಟ್ಟ ಕಡೆಯೇ ಆರ್‌ಸಿಸಿಬಿ ಇರಲಿ. ತಿಂಗಳಿಗೊಮ್ಮೆ ಅದರ ಟೆಸ್ಟ್ ಬಟನ್ ಒತ್ತಿ, ಬೀಳದಿದ್ದರೆ ಅದೇ ದಿನ ಬದಲಿಸಿ. ಗಾಡಿಯ ಬಾಡಿಯನ್ನು ಒಳಗೆ ಬರುವ ಅರ್ತಿಗೆ ದಪ್ಪ ವೈರಿನಲ್ಲಿ ಸೇರಿಸಿ. ಮೂರು ದೀಪದ ಸಾಕೆಟ್ ಟೆಸ್ಟರ್ ಒಂದು ಜೇಬಿನಲ್ಲಿರಲಿ. ಎಲ್ಲಿಗೆ ಹೋದರೂ ಮೊದಲು ಅದನ್ನು ಪ್ಲಗ್ಗಿಗೆ ಚುಚ್ಚಿ. ಅರ್ತ್ ಇಲ್ಲವೆಂದು ತೋರಿಸಿದರೆ ಮಾಲೀಕರಿಗೆ ಮೆಲ್ಲಗೆ ಹೇಳಿ, ಅವತ್ತು ಬ್ಯಾಟರಿಯಲ್ಲೇ ಕಳೆಯಿರಿ. ಎರಡೂ ತುದಿಗೆ ಪಿನ್ ಇರುವ ಪ್ಲಗ್ ಕಟ್ಟಿದ ವೈರನ್ನು ಕೆಲವರು ಇಟ್ಟುಕೊಂಡಿರುತ್ತಾರೆ. ಒಂದು ತುದಿ ಗೋಡೆಯಲ್ಲಿದ್ದಾಗ ಇನ್ನೊಂದರ ಪಿನ್ನುಗಳು ಬರಿಗೈಗೆ ಸಿಗುವ ಜೀವಂತ ಲೈನು. ಅದನ್ನು ಇವತ್ತೇ ಕತ್ತರಿಸಿ ಎಸೆಯಿರಿ, ನೀಲಿ ಬಣ್ಣದ 16 ಆಂಪಿಯರಿನ ಇಂಡಸ್ಟ್ರಿಯಲ್ ಪ್ಲಗ್ಗು ಸಾಕೆಟ್ಟು ಹಾಕಿಸಿ. ರೀಲಿಗೆ ಸುತ್ತಿದ ಎಕ್ಸ್‌ಟೆನ್ಷನ್ನನ್ನು ಪೂರ್ತಿ ಬಿಚ್ಚಿ ಬಳಸಿ, ಸುತ್ತಿದಂತೆಯೇ ಬಿಟ್ಟು ಹೀಟರ್ ಹಾಕಿದರೆ ಒಳಸುತ್ತುಗಳು ಕರಗಿ ಅಂಟಿಕೊಳ್ಳುತ್ತವೆ.

ಇನ್ವರ್ಟರ್‌ನಿಂದ ಹೊರಬರುವ 230 ವೋಲ್ಟಿಗೂ ಇದೇ ಪ್ರಶ್ನೆ ಇದೆ. ಇನ್ವರ್ಟರಿನ ನ್ಯೂಟ್ರಲ್ ಅರ್ತಿಗೆ ಸೇರದಿದ್ದರೆ ಆರ್‌ಸಿಸಿಬಿ ಇದ್ದೂ ಪ್ರಯೋಜನವಿಲ್ಲ. ಕೆಲವು ಮಾಡೆಲ್‌ಗಳು ಅದನ್ನು ತಾವೇ ಮಾಡಿಕೊಳ್ಳುತ್ತವೆ, ಕೆಲವಕ್ಕೆ ಹೊರಗೆ ಮಾಡಬೇಕು, ಅಗ್ಗದ ಕೆಲವಕ್ಕೆ ಮಾಡಿದರೆ ಇನ್ವರ್ಟರೇ ಸುಡುತ್ತದೆ. ಈ ಒಂದು ಕೆಲಸವನ್ನು ಅಂದಾಜಿನಲ್ಲಿ ಮಾಡಬೇಡಿ. ಪುಸ್ತಿಕೆ ಓದಿದ, ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲಿ ಮಾಡಿಸಿ.

ಜನರೇಟರ್ ಇಟ್ಟುಕೊಂಡವರೇ, ವಡಕರದ ಸುದ್ದಿ ಮರೆಯಬೇಡಿ. 2024ರ ಡಿಸೆಂಬರ್‌ನಲ್ಲಿ ಕೇರಳದ ಕೋಯಿಕ್ಕೋಡ್ ಜಿಲ್ಲೆಯ ವಡಕರದಲ್ಲಿ ಹೆದ್ದಾರಿ ಪಕ್ಕ ನಿಂತಿದ್ದ ಕ್ಯಾರವಾನಿನೊಳಗೆ ಇಬ್ಬರು ಶವವಾಗಿ ಸಿಕ್ಕರು. ಜನರೇಟರಿನ ಕಾರ್ಬನ್ ಮಾನಾಕ್ಸೈಡ್ ಒಳಗೆ ತುಂಬಿಕೊಂಡಿತ್ತೆಂದು ತನಿಖೆಯಲ್ಲಿ ಹೊರಬಂತು. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ, ಕಣ್ಣು ಉರಿಯುವುದಿಲ್ಲ. ನಿದ್ದೆಯಲ್ಲಿರುವವರು ಏಳುವುದೇ ಇಲ್ಲ. ಎ.ಸಿ. ಬೇಕೆಂದು ಕಿಟಕಿಗಳನ್ನೆಲ್ಲ ಮುಚ್ಚಿರುತ್ತೀರಿ, ವೈರು ದಾಟಿಸಲು ನೆಲದಲ್ಲಿ ಕೊರೆದ ತೂತು ಮಾತ್ರ ತೆರೆದಿರುತ್ತದೆ. ಜನರೇಟರ್ ಗಾಡಿಯೊಳಗಾಗಲಿ, ಗಾಡಿಗೆ ತಾಗಿದ ಪೆಟ್ಟಿಗೆಯಲ್ಲಾಗಲಿ ಓಡುತ್ತಿರುವಾಗ ಮಲಗಬೇಡಿ. ನೆಲದ ಪ್ರತಿ ತೂತನ್ನೂ ಸೀಲ್ ಮಾಡಿ. ತಲೆದಿಂಬಿನ ಎತ್ತರದಲ್ಲಿ ಕಾರ್ಬನ್ ಮಾನಾಕ್ಸೈಡ್ ಅಲಾರಂ, ಮೇಲ್ಛಾವಣಿಗೆ ಹೊಗೆಯ ಅಲಾರಂ ಹಾಕಿಸಿ. ಗ್ಯಾಸ್ ಒಲೆ ಇಟ್ಟುಕೊಂಡವರಿಗೂ ಇದು ಬೇಕು.

ಕಾನೂನಿನ ಮಾತು ಚಿಕ್ಕದು. 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಂ ಪ್ರಕಾರ, ಆರ್‌ಸಿಯ ವಿವರಗಳು ತಯಾರಕರು ಮೂಲದಲ್ಲಿ ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಬದಲಿಸುವಂತಿಲ್ಲ; ಅವಕಾಶವಿರುವ ಬದಲಾವಣೆಗೂ ಆರ್‌ಟಿಒ ಒಪ್ಪಿಗೆ ಬೇಕು. ಒಪ್ಪಿಗೆಯಿಲ್ಲದ ಗಾಡಿಗೆ ಬೆಂಕಿ ಬಿದ್ದರೆ ಇನ್ಶೂರೆನ್ಸ್‌ನವರ ಮುಂದೆ ನಿಮ್ಮ ಮಾತಿಗೆ ಬಲವಿರುವುದಿಲ್ಲ.

ಬೆಂಕಿ ಬಿದ್ದೇಬಿಟ್ಟರೆ ಮೊದಲ ಕೆಲಸ ಎಲ್ಲರೂ ಹೊರಗೆ ಬರುವುದು. ಬ್ಯಾಟರಿ ಪೆಟ್ಟಿಗೆಯನ್ನು ಇರುವ ಒಂದೇ ಬಾಗಿಲಿನ ಪಕ್ಕ ಇಡಬೇಡಿ, ಹಿಂಬಾಗಿಲು ಒಳಗಿನಿಂದ ತೆರೆಯುವಂತಿರಲಿ. ಅಲ್ಲಿಗೆ ಬೈಕೋ ಸಾಮಾನೋ ಅಡ್ಡ ಕಟ್ಟಬೇಡಿ. ಎರಡು ಕೆಜಿಯ ಎಬಿಸಿ ಪೌಡರ್ ಸಿಲಿಂಡರ್ ಹಾಸಿಗೆಯಿಂದ ಕೈಗೆಟುಕುವಲ್ಲಿರಲಿ. ಅದು ವೈರಿನ, ಪ್ಲೈವುಡ್ಡಿನ ಬೆಂಕಿ ಆರಿಸಿ ನಿಮಗೆ ದಾರಿ ಮಾಡಿಕೊಡಬಲ್ಲದು. ಲಿಥಿಯಂ ಪ್ಯಾಕಿನ ಒಳಗೇ ಹತ್ತಿಕೊಂಡರೆ ಪೌಡರಿಗೆ ಅದು ನಿಲ್ಲುವುದಿಲ್ಲ, ಎದುರು ನಿಂತು ಹೋರಾಡಬೇಡಿ, ದೂರ ಸರಿದು 112ಕ್ಕೆ ಕರೆ ಮಾಡಿ. ಮುಖ್ಯ ಐಸೊಲೇಟರ್ ಎಲ್ಲಿದೆಯೆಂದು ಗಾಡಿ ಹತ್ತುವ ಎಲ್ಲರಿಗೂ, ಅಜ್ಜಿ ತಾತನಿಗೂ ತೋರಿಸಿಡಿ.

ಕಾರವಾರ, ಮರವಂತೆ ಕಡೆ ಕಡಲ ದಂಡೆಯಲ್ಲಿ ಬಿಡಾರ ಹೂಡಿ ಬಂದವರು ಮನೆಗೆ ಮರಳಿದ ವಾರ ಟರ್ಮಿನಲ್ಲುಗಳನ್ನು ನೋಡಿ. ಉಪ್ಪುಗಾಳಿಗೆ ತಾಮ್ರದ ಮೇಲೆ ಹಸಿರು ಕಿಲುಬು ಬೇಗ ಹತ್ತುತ್ತದೆ. ಮೊದಲು ಮೈನಸ್ ಬಿಚ್ಚಿ, ಆಮೇಲೆ ಪ್ಲಸ್. ಬ್ರಷ್ಷಿನಲ್ಲಿ ಉಜ್ಜಿ, ಬಿಗಿದ ಮೇಲೆ ವ್ಯಾಸಲೀನ್ ಸವರಿ. ಬಿಗಿಯುವ ಮೊದಲು ಸವರಬೇಡಿ. ಸ್ಪ್ಯಾನರಿನ ಹಿಡಿಗೆ ಟೇಪು ಸುತ್ತಿರಲಿ, ಕೈಯಲ್ಲಿ ಉಂಗುರ ಬಳೆ ಇರದಿರಲಿ. ಪ್ಲಸ್ಸಿಗೂ ಬಾಡಿಗೂ ನಡುವೆ ಸಿಕ್ಕ ಉಂಗುರ ಕ್ಷಣದಲ್ಲಿ ಕೆಂಪಗೆ ಕಾಯುತ್ತದೆ.

ಈಗಾಗಲೇ ಗಾಡಿ ಕಟ್ಟಿ ಮುಗಿಸಿರುವವರಿಗೆ ನನ್ನ ಕೋರಿಕೆ ಇದು. ಬರುವ ಭಾನುವಾರ ಹಾಸಿಗೆ ಎತ್ತಿ. ಬ್ಯಾಟರಿಯ ಪ್ಲಸ್ಸಿನಿಂದ ಹೊರಟ ಪ್ರತಿ ವೈರನ್ನೂ ಬೆರಳಿನಿಂದ ಹಿಂಬಾಲಿಸಿ, ಒಂದು ಗೇಣಿನೊಳಗೆ ಫ್ಯೂಸು ಸಿಗುತ್ತದೆಯೇ ನೋಡಿ. ಸಿಗದಿದ್ದರೆ ಆ ವೈರನ್ನು ಬಿಚ್ಚಿಟ್ಟು ತುದಿಗೆ ಟೇಪು ಸುತ್ತಿ, ಫ್ಯೂಸು ಬರುವವರೆಗೆ ಜೋಡಿಸಬೇಡಿ. ಆಮೇಲೆ ಇನ್ವರ್ಟರಿಗೆ ಇರುವಷ್ಟು ದೊಡ್ಡ ಲೋಡು ಕೊಟ್ಟು ಹತ್ತು ನಿಮಿಷ ಓಡಿಸಿ. ಆಫ್ ಮಾಡಿ, ಐಸೊಲೇಟರನ್ನೂ ಆಫ್ ಮಾಡಿ, ಪ್ರತಿ ಲಗ್ಗಿನ ಹತ್ತಿರ ಅಂಗೈ ತಂದು, ಬಿಸಿ ಬಡಿಯದಿದ್ದರೆ ಮಾತ್ರ ಬೆರಳ ಹಿಂಬದಿ ತಾಗಿಸಿ. ಉಳಿದವಕ್ಕಿಂತ ಬಿಸಿ ಇರುವ ಲಗ್ಗು ಯಾವುದೇ ಇರಲಿ, ಅದನ್ನು ಕತ್ತರಿಸಿ ಹೊಸದಾಗಿ ಕ್ರಿಂಪ್ ಮಾಡಿಸಿ. ಕೊನೆಗೆ ಒಂದು ಹಾಳೆಯ ಮೇಲೆ ಬ್ಯಾಟರಿಯಿಂದ ಪ್ರತಿ ದೀಪದವರೆಗೆ ಲೈನು ಎಳೆದು, ವೈರಿನ ಸ್ಕ್ವೇರ್, ಫ್ಯೂಸಿನ ಆಂಪಿಯರ್ ಬರೆದು, ಬ್ಯಾಟರಿ ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿ. ದೂರದ ಊರಿನಲ್ಲಿ ಗಾಡಿ ಕೈಕೊಟ್ಟಾಗ, ನಿಮ್ಮ ಭಾಷೆ ಗೊತ್ತಿಲ್ಲದ ಮೆಕ್ಯಾನಿಕ್ಕಿಗೂ ಆ ಹಾಳೆ ಅರ್ಥವಾಗುತ್ತದೆ.

ನಿಮ್ಮ ಕ್ಷೇಮ ಬಯಸುವ,
ಹಾಸನದ ಒಬ್ಬ ಆಟೋ ಎಲೆಕ್ಟ್ರಿಷಿಯನ್